ಅಕ್ಕನ ಕೋಣೆಯ ಬಣ್ಣ

ಬಣ್ಣದ ಅಂಗಡಿಯವರು ಕೊಟ್ಟ ಶೇಡ್ ಕಾರ್ಡು ನನ್ನ ಮೇಜಿನ ಮೇಲೆ ಬಿದ್ದುಕೊಂಡು ತಿಂಗಳಾಯಿತು. ಮನೆಗೆ ಬಣ್ಣ ಹಚ್ಚಿಸಿ ಮುಗಿದ ಮೇಲೆ ಅದನ್ನು ರದ್ದಿಗೆ ಹಾಕಬೇಕಿತ್ತು, ಹಾಕಿಲ್ಲ. ಅದರಲ್ಲಿ ಬಣ್ಣದ ಚೌಕಗಳು ಸಾಲಾಗಿವೆ, ಪ್ರತಿಯೊಂದರ ಕೆಳಗೆ ಒಂದು ನಂಬರು. ನಂಬರಿನ ಕೆಳಗೆ ನನ್ನ ಹೆಂಡತಿ ಬಾಲ್‌ಪೆನ್ನಿನಿಂದ ಸಣ್ಣಗೆ ಏನೇನೋ ಬರೆದಿದ್ದಾಳೆ. ಯಾಕೆ ಬರೆದಳೆಂದು ನಿಮಗೆ ತಿಳಿಯಬೇಕಾದರೆ ಮೊದಲು ನನ್ನದೊಂದು ಗುಟ್ಟು ತಿಳಿಯಬೇಕು. ನನಗೆ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗುವುದಿಲ್ಲ. ಐವತ್ತು ವರ್ಷ ಇದನ್ನು ಜೋಪಾನವಾಗಿ ಮುಚ್ಚಿಟ್ಟುಕೊಂಡು ಬಂದವನು ನಾನು.

ಅದೂ ಇಳಕಲ್ಲಿನಲ್ಲಿ ಹುಟ್ಟಿ. ಓಣಿಯ ತುಂಬ ಬಣ್ಣದ ನೂಲಿನ ಲಡಿಗಳನ್ನು ಒಣಹಾಕುವ ಊರು ಅದು. ಮಾತು ಬಂದ ಕೂಸೂ ಸೀರೆಯ ಬಣ್ಣದ ಹೆಸರು ಹೇಳುತ್ತಿತ್ತು. ನಾನು ಮಾತ್ರ ಎಲ್ಲರೂ ನನ್ನ ಹಾಗೇ ನೋಡುತ್ತಾರೆ, ಹೆಸರುಗಳನ್ನು ಬಾಯಿಪಾಠ ಮಾಡಿದ್ದಾರೆ ಅಷ್ಟೇ, ಎಂದುಕೊಂಡಿದ್ದೆ.

ನನಗೆ ಹತ್ತು ವರ್ಷವಾಗಿದ್ದಾಗಿನ ದೀಪಾವಳಿ. ಗೋಡೆಗಳಿಗೆ ಸುಣ್ಣವಾಗಿತ್ತು, ತಲೆಬಾಗಿಲು ಉಳಿದಿತ್ತು. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ, ಬಾಗಿಲು ಹಸಿರಾಗಬೇಕೆಂದು ಅಪ್ಪನ ಬೆನ್ನು ಹತ್ತಿದ್ದಳು. ಅಪ್ಪ ಹೈಸ್ಕೂಲ್ ಮಾಸ್ತರು, ಹುಂ ಎನ್ನಿಸುವುದು ಸುಲಭವಿರಲಿಲ್ಲ. ಕೊನೆಗೆ ಒಪ್ಪಿ, ಡಬ್ಬಿ ತರಲು ನನ್ನನ್ನು ಕಳಿಸಿದರು. ಅಂಗಡಿಯಲ್ಲಿ ಹಬ್ಬದ ಗದ್ದಲ. ಅಂಗಡಿಯವನು ಹಲಗೆಯ ಮೇಲಿದೆ, ನೀನೇ ತಗೋ ಎಂದ. ಡಬ್ಬಿಗಳ ಮುಚ್ಚಳದ ಮೇಲೆ ಬೊಟ್ಟಿನಷ್ಟು ಬಣ್ಣ ಹಚ್ಚಿದ್ದರು. ನಾನು ಚೆನ್ನಾಗಿ ನೋಡಿ, ಒಂದನ್ನು ಆರಿಸಿ, ದೊಡ್ಡ ಮನುಷ್ಯನ ಹಾಗೆ ಹೊತ್ತು ತಂದೆ.

ಸಂಜೆ ಅಪ್ಪ, ಅಕ್ಕ ಶಾಲೆಯಿಂದ ಬರುವಷ್ಟರಲ್ಲಿ ಸುಣ್ಣದ ಆಳು ಬಾಗಿಲಿಗೆ ಬಣ್ಣ ಬಳಿದಿದ್ದ. ಇಟ್ಟಂಗಿಯ ಕೆಂಪು. ಅದು ಕೆಂಪೆಂದು ನನಗೆ ಗೊತ್ತಾದದ್ದು ಅಪ್ಪನ ಮುಖದಿಂದ. ಅವರ ಕೈ ಮೇಲೆದ್ದಿತ್ತು, ಅಷ್ಟರಲ್ಲಿ ಅಕ್ಕ ನಡುವೆ ಬಂದು ನಿಂತಳು.

“ನಾನ ಹೇಳೇನಿ. ನನಗ ಕೆಂಪ ಬೇಕಾಗಿತ್ತು.”

ಏಟು ಅವಳಿಗೆ ಬಿತ್ತು. ವಾರಗಟ್ಟಲೆ ಹಸಿರು ಹಸಿರು ಎಂದು ಪ್ರಾಣ ತಿಂದವಳು ಹೀಗೆ ಚಂಚಲೆಯಾದಳೆಂದು ಬೈಗುಳವೂ ಆಯಿತು. ಮರುದಿನ ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಗಿಡದಿಂದ ಹಣ್ಣಾದ ಮೆಣಸಿನಕಾಯಿ ಮಾತ್ರ ಹರಿ ಎಂದಳು. ನಾನು ಹರಿದದ್ದರಲ್ಲಿ ಅರ್ಧ ಹಸಿ. ಅವಳು ನಗಲಿಲ್ಲ. ಬಹಳ ಹೊತ್ತು ನನ್ನ ಮುಖ ನೋಡಿ, “ಯಾರ ಮುಂದೂ ಹೇಳಬ್ಯಾಡ ತಮ್ಮಾ, ನಾ ಅದೀನಲ್ಲ” ಎಂದಳು.

ಅಂದಿನಿಂದ ನನ್ನ ಬಣ್ಣಗಳೆಲ್ಲ ಅಕ್ಕನ ಬಾಯಿಂದಲೇ ಬಂದವು. ನನ್ನ ಅಂಗಿಯ ಬಟ್ಟೆ ಅವಳೇ ಆರಿಸುತ್ತಿದ್ದಳು. ಅವಳು ಹುನಗುಂದದ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿ ಹೋದಮೇಲೆ ನಾನು ಬಿಳಿ ಅಂಗಿಗೆ ಶರಣಾದೆ. ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ ಮಾಡುವಾಗ ನನ್ನ ಸರಳತೆಯನ್ನು ಹೊಗಳಿ ಭಾಷಣಗಳಾದವು; ತಲೆ ತಗ್ಗಿಸಿ ಕೇಳಿಸಿಕೊಂಡೆ. ಬಾದಾಮಿಗೆ ಪ್ರವಾಸ ಹೋದಾಗ ಕೆಂಪು ಬಂಡೆಯ ಕೆಳಗೆ ಹಸಿರು ಕೆರೆ ಎಂದು ಎಲ್ಲರೂ ಬೆರಗಾದರು, ನಾನು ಅವರಿಗಿಂತ ಒಂದು ತೂಕ ಹೆಚ್ಚೇ ಬೆರಗಾದೆ. ಹೆಂಡತಿ ಹೊಸ ಸೀರೆ ಉಟ್ಟು ಬಂದು ನಿಂತಾಗೆಲ್ಲ ನಿನಗೆ ಒಪ್ಪುತ್ತದೆ ಎಂದೆ. ಸುಳ್ಳಲ್ಲ ಅದು, ಒಪ್ಪುತ್ತಿತ್ತು.

ಅಕ್ಕ ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದಿತು. ಈಗ ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಕಳೆದ ವರ್ಷ ನಮ್ಮ ಮನೆಗೆ ಕರೆತಂದೆವು. ಈ ಸಲ ಮನೆಗೆ ಬಣ್ಣ ಹಚ್ಚಿಸುವಾಗ, ನಿನ್ನ ಕೋಣೆಗೆ ಯಾವುದು ಎಂದು ಕೇಳಿದೆ. ಮೊದಲ ಪಗಾರದಲ್ಲಿ ಕೊಂಡ ತನ್ನ ಇಳಕಲ್ಲ ಸೀರೆಯನ್ನು ಟ್ರಂಕಿನಿಂದ ತೆಗೆಸಿ, ಅದರ ಒಡಲಿನ ಹಸಿರು ಬೇಕೆಂದಳು. ಕಾಣದಿದ್ದರೂ ಹಸಿರಿನೊಳಗೆ ಕೂತಿದ್ದೇನೆಂದು ಗೊತ್ತಿದ್ದರೆ ಸಾಕಂತೆ.

ಹೆಂಡತಿ ತನ್ನ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಇಳಕಲ್ಲಿಗೆ ಹೋಗಿದ್ದಳು. ಅವಳು ಬರುವತನಕ ಕಾಯಬಹುದಿತ್ತು. ಆದರೆ ಅಕ್ಕನಿಗಾಗಿ ಇದೊಂದು ಬಣ್ಣ ನಾನೇ ಆರಿಸಬೇಕೆಂಬ ಹಟ ಬಂತು. ಅರ್ಧ ಮುಂಜಾನೆ ಕಿಟಕಿಯ ಬಳಿ ಕೂತು ಸೀರೆಯ ಮೇಲೆ ಕಾರ್ಡು ಸರಿಸಿ ಸರಿಸಿ, ತದ್ರೂಪ ಎನ್ನಿಸಿದ ಚೌಕ ಹುಡುಕಿ, ಅದರ ನಂಬರು ಚೀಟಿಯಲ್ಲಿ ಬರೆದು ಪೇಂಟರ್ ಇಮಾಮಸಾಬನ ಕೈಗೆ ಕೊಟ್ಟೆ. ಪರೀಕ್ಷೆ ಪಾಸಾದಷ್ಟು ಹಿಗ್ಗು. ಗೋಡೆಗೆ ಬಣ್ಣ ಏರುತ್ತಿದ್ದಂತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಅಕ್ಕ ಹೇಗೆ ಕಾಣುತ್ತದೆಂದು ಕೇಳಿದಳು. ಸೀರೆಯ ಹಾಗೇ ಎಂದೆ.

ಮೂರು ಗೋಡೆ ಮುಗಿದಿದ್ದವು. ಹೆಂಡತಿ ಅಮೀನಗಡದ ಕರದಂಟಿನ ಪೊಟ್ಟಣ ಹಿಡಿದು ಒಳಗೆ ಬಂದವಳು ಅಲ್ಲೇ ನಿಂತಳು. ಅಕ್ಕಾರು ಹಸಿರು ಕೇಳಿದ್ದರಲ್ಲ, ಇದು ಇಟ್ಟಂಗಿ ಕೆಂಪು, ಯಾರು ಹೇಳಿದರು ಇದನ್ನು ಹಚ್ಚಲು ಎಂದಳು. ಇಮಾಮಸಾಬ ನನ್ನ ಮುಖ ನೋಡಿದ. ಕುರ್ಚಿಯಿಂದ ಅಕ್ಕನ ದನಿ ಬಂತು.

“ನಾನ ಹೇಳೇನಿ. ನನಗ ಕೆಂಪ ಬೇಕಾಗಿತ್ತು.”

ಐವತ್ತು ವರ್ಷದ ನಂತರ ಅದೇ ಮಾತು, ಅದೇ ದನಿ. ನಾನು ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಉಳಿದ ಆಯುಷ್ಯವನ್ನು ತನಗೆ ಬೇಡದ ಗೋಡೆಗಳ ನಡುವೆ ಕಳೆಯುತ್ತಿದ್ದಳು, ಒಂದು ದಿನವೂ ಎತ್ತಿ ಆಡುತ್ತಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

“ಅಕ್ಕ ಹೇಳಿಲ್ಲ, ನಾ ಆರಿಸಿದ್ದು,” ಎಂದೆ. “ನನಗ ಕೆಂಪು ಹಸರು ಗೊತ್ತಾಗೂದಿಲ್ಲ. ಹುಟ್ಟಿದಾಗಿಂದ.”

ಹೆಂಡತಿ ಪೊಟ್ಟಣ ಕೆಳಗಿಟ್ಟು ನನ್ನನ್ನೇ ನೋಡಿದಳು. ನನ್ನ ಬಿಳಿ ಅಂಗಿಯನ್ನೂ ನೋಡಿದಳು. ಇಮಾಮಸಾಬ ಬ್ರಷ್ಷು ಒರೆಸುತ್ತ, ಇನ್ನೂ ಒಣಗಿಲ್ಲ, ನಾಳೆ ಮೇಲೆ ಹಸಿರು ಹೊಡೆದರಾಯಿತು ಸರ್ ಎಂದು ಮೆಲ್ಲಗೆ ಹೇಳಿದ. ಅಕ್ಕ ನನ್ನ ಕಡೆ ಮುಖ ತಿರುಗಿಸಿದಳು.

“ಹಂಗಾರ ಈಗ ಹೇಳತೇನಿ ತಮ್ಮಾ. ನನಗ ಕೆಂಪ ಸೇರೂದಿಲ್ಲ. ಆ ಬಾಗಲಾನೂ ಸೇರಿದ್ದಿಲ್ಲ.”

ಹೇಳಿ ನಕ್ಕಳು. ನನಗೆ ಅಳು ಬಂತು.

ಈಗ ಕೋಣೆ ಹಸಿರಾಗಿದೆಯಂತೆ. ಅದಾದ ವಾರಕ್ಕೆ ಹೆಂಡತಿ ಈ ಕಾರ್ಡು ಹಿಡಿದು ಕೂತು, ಒಂದೊಂದು ಚೌಕದ ಕೆಳಗೂ ಬರೆದಳು: ಎಳೆ ಜೋಳದ ಗರಿ, ಮೆಂತೆ ಪಲ್ಲೆ, ತೊಳೆದ ಕರಿಬೇವು. ಸಂಜೆ ನಾನು ಅದನ್ನು ಅಕ್ಕನಿಗೆ ಓದಿ ಹೇಳುತ್ತೇನೆ. ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ, ಹೆಸರು ಬಂದಾಗ ತಲೆಯಾಡಿಸುತ್ತಾಳೆ. ನಿನ್ನೆ ಹಸಿರಿನ ಸಾಲು ಮುಗಿಸಿ ಕಾರ್ಡು ಮಡಚುತ್ತಿದ್ದೆ. ಕೆಂಪಿನ ಸಾಲನ್ನೂ ಓದು, ಇನ್ನು ಕೆಂಪಿನದೇನೂ ಅಡ್ಡಿಯಿಲ್ಲ ಎಂದಳು ಅಕ್ಕ.