ನಾವು ಇಳಿಯುವ ಸ್ಟೇಷನ್ ನಮ್ಮ ಪಾಸಿನಲ್ಲಿ ಇರಲಿಲ್ಲ

ಓದುತ್ತಿರುವ ಎಲ್ಲರಿಗೂ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಮಗಳು ಸ್ಕೂಲಿಗೆ ಸೇರಿದ ಮೇಲೆ. ಅವಳು ಮಗ್ಗಿ ಹೇಳುವಾಗ ಪಕ್ಕದಲ್ಲೇ ಕೂತು ನಾನು ಸಮಾಜ ವಿಜ್ಞಾನ ಉರು ಹೊಡೆಯುತ್ತಿದ್ದೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ, ಅದೂ ಓಡುವ ರೈಲಿನಲ್ಲಿ. ಗಾಡಿ ಕುಲುಕಿದಾಗ ಬೆರಳು ಪಕ್ಕದ ಅಕ್ಷರಕ್ಕೆ ಹೋಗುತ್ತದೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮನೆ ಮದ್ದೂರಿನಲ್ಲಿ. ಕೆಲಸ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ, ರಾಜರಾಜೇಶ್ವರಿನಗರದ ಕಮಾನಿಗೆ ಹತ್ತಿರವಿರುವ ಒಂದು ಹಾರ್ಡ್‌ವೇರ್ ಗೋಡೌನಿನಲ್ಲಿ. ಪೈಪು, ನಲ್ಲಿ, ಮೊಳೆ ಎಲ್ಲವನ್ನೂ ಇಳಿಸಿ, ಎಣಿಸಿ, ಕಳಿಸುವ ಕೆಲಸ. ಬೆಂಗಳೂರಿನಲ್ಲೇ ಇರೋಣ ಅಂತ ಒಂದು ಭಾನುವಾರ ಕೆಂಗೇರಿಯಲ್ಲಿ ಮನೆ ಹುಡುಕಿದೆ. ಬಾಡಿಗೆ ಕೇಳಿದ ಮಾರನೇ ದಿನವೇ ರೈಲಿನ ಪಾಸು ಮಾಡಿಸಿದೆ.

ನಮ್ಮ ಲೈನಿನ ಬೆಳಗಿನ ಗಾಡಿ ಹೇಗಿರುತ್ತದೆ ಅಂತ ಹತ್ತಿದವರಿಗೆ ಗೊತ್ತು. ಮಂಡ್ಯದಲ್ಲೇ ಮುಕ್ಕಾಲು ತುಂಬಿರುತ್ತದೆ. ಮದ್ದೂರಿನಲ್ಲಿ ಓಡಿ ಹತ್ತಿದರೆ ಸೀಟು ಉಂಟು, ನಡೆದು ಹತ್ತಿದರೆ ಇಲ್ಲ. ಚನ್ನಪಟ್ಟಣದಲ್ಲಿ ಬಾಗಿಲು ಮುಚ್ಚಿಹೋಗುತ್ತದೆ. ಮುಚ್ಚುವುದು ಅಂದರೆ ಜನದಿಂದ. ರಾಮನಗರದವರು ಒಳಗೆ ಬರುವುದು ಹಿಂದಿನವರು ತಳ್ಳಿದ್ದರಿಂದ. ವರ್ಷದಿಂದ ವರ್ಷಕ್ಕೆ ಜನ ಹೆಚ್ಚಿದರು, ಬೋಗಿ ಹೆಚ್ಚಲಿಲ್ಲ.

ಅದಕ್ಕೆ ನಮ್ಮ ಬೋಗಿಯಲ್ಲಿ ಒಂದು ಪದ್ಧತಿ ಇತ್ತು. ಅರ್ಧ ಸೀಟು ಅಂತ ಕರೆಯುತ್ತಿದ್ದೆವು. ಮದ್ದೂರಿನಲ್ಲಿ ಕೂತವನು ರಾಮನಗರದಲ್ಲಿ ಎದ್ದು ನಿಲ್ಲಬೇಕು, ಅಲ್ಲಿ ಹತ್ತಿದವರು ಉಳಿದ ದಾರಿ ಕೂರಬೇಕು. ಯಾರೂ ಬರೆದಿಟ್ಟಿದ್ದಲ್ಲ. ಎದ್ದೇಳದೆ ನಿದ್ದೆ ಬಂದವರಂತೆ ನಟಿಸಿದರೆ ಮಾರನೇ ದಿನದಿಂದ ಅವರಿಗೆ ಯಾರೂ ಟವೆಲ್ ಹಾಕಿ ಜಾಗ ಹಿಡಿಯುತ್ತಿರಲಿಲ್ಲ, ಅಷ್ಟೇ.

ನನ್ನ ಸೀಟಿನ ಇನ್ನರ್ಧ ಒಬ್ಬ ಅಕ್ಕನದು. ರಾಮನಗರದವರು, ರಾಜರಾಜೇಶ್ವರಿನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ವಯಸ್ಸಿನಲ್ಲಿ ನನಗಿಂತ ಹಿರಿಯರೋ ಕಿರಿಯರೋ ಗೊತ್ತಿಲ್ಲ, ನಾನು ಅಕ್ಕ ಅನ್ನುತ್ತಿದ್ದೆ, ಅವರು ಅಣ್ಣ ಅನ್ನುತ್ತಿದ್ದರು. ಅವರಿಗೆ ಮಂಡಿ ನೋವು. ಮೆಟ್ಟಿಲು ಹತ್ತಬೇಡಿ ಅಂತ ಅವರು ನೆಲ ಒರೆಸುವ ಆಸ್ಪತ್ರೆಯ ಡಾಕ್ಟರೇ ಹೇಳಿದ್ದರಂತೆ.

ನಾವಿಬ್ಬರೂ ಇಳಿಯುತ್ತಿದ್ದುದು ಕೆಂಗೇರಿ ಆದಮೇಲೆ ಬರುವ ಒಂದು ಸಣ್ಣ ಸ್ಟೇಷನ್ನಿನಲ್ಲಿ. ಹೆಸರು ಬೇಡ. ಅಲ್ಲಿ ಟೀ ಅಂಗಡಿಯೂ ಇಲ್ಲ. ಆದರೆ ನಮ್ಮ ಗಾಡಿ ನಿಲ್ಲುವ ಪ್ಲಾಟ್‌ಫಾರಂ ರಸ್ತೆಯ ಕಡೆಗೇ ಇದೆ, ಮೆಟ್ಟಿಲು ಹತ್ತಬೇಕಾಗಿಲ್ಲ. ಅಕ್ಕ ನಿಧಾನಕ್ಕೆ ನಡೆದರೂ ನರ್ಸಿಂಗ್ ಹೋಮಿನ ರಾತ್ರಿ ಪಾಳಿಯವಳು ಬ್ಯಾಗು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ತಲುಪುತ್ತಿದ್ದರು.

ಆಯುಧಪೂಜೆಗೆ ಪಾಸಿನವರೆಲ್ಲ ಸೇರಿ ಬೋಗಿಗೆ ಬಾಳೆಕಂದು, ಮಾವಿನ ತೋರಣ ಕಟ್ಟುತ್ತೇವೆ. ಮನೆಯ ಸೈಕಲ್ಲಿಗೆ ಮಾಡುವ ಹಾಗೆ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ಪುರಿ ಕಡಲೆ ಹಂಚುತ್ತೇವೆ. ಆ ವರ್ಷ ಪುರಿ ಹಂಚುವಾಗಲೇ ಸುದ್ದಿ ಬಂತು. ತಂದವನು ಮೆಜೆಸ್ಟಿಕ್‌ನಲ್ಲಿ ಇಳಿದು ವಿಜಯನಗರದ ಮೊಬೈಲ್ ಅಂಗಡಿಗೆ ಕೆಲಸಕ್ಕೆ ಹೋಗುವ ಯುವಕ. ಅವನ ಕಿವಿಯಲ್ಲಿ ಸದಾ ವೈರು, ಆದರೂ ಎಲ್ಲರ ಮಾತೂ ಕೇಳಿಸುತ್ತದೆ.

"ಅಣ್ಣ, ನಮ್ಮ ಗಾಡಿ ಫಾಸ್ಟ್ ಮಾಡ್ತಾರಂತೆ. ಕೆಂಗೇರಿ ಬಿಟ್ರೆ ನೇರ ಮೆಜೆಸ್ಟಿಕ್ಕೇ. ನಿಮ್ಮ ಸ್ಟಾಪ್ ಕಟ್."

"ಒಳ್ಳೇದೇ ಆಯ್ತಲ್ಲಪ್ಪ ನಿಂಗೆ" ಅಂದರು ಮೇಷ್ಟ್ರು. ಅವರು ನಮ್ಮ ಬೋಗಿಯ ಹಿರಿಯರು, ಅದೇ ಸಣ್ಣ ಸ್ಟೇಷನ್ನಿನ ಹತ್ತಿರದ ಶಾಲೆಯಲ್ಲಿ ಪಾಠ ಹೇಳುವವರು. "ಬೇಗ ಹೋಗಿ ಬೇಗ ಬೈಸ್ಕೋಬೋದು ಓನರ್ ಹತ್ರ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಪುರಿ ಕೈಯಲ್ಲೇ ಇತ್ತು.

"ಕೆಂಗೇರೀಲಿ ಇಳ್ದು, ಆ ಮೇಲ್ಸೇತುವೆ ಹತ್ತಿ ಇಳ್ದು, ಬಸ್ ಹಿಡ್ದು ಹೋಗಾಕೆ ನನ್ ಕಾಲಲ್ಲಿ ಆಗಾಕಿಲ್ಲ ಕಣಣ್ಣ. ಲೇಟಾದ್ರೆ ಮ್ಯಾನೇಜರಮ್ಮ ಬೇರೆಯೋರ್ನ ಇಟ್ಕತೀನಿ ಅಂತ ಆಗ್ಲೇ ಎರಡು ಸಲ ಹೇಳವ್ರೆ. ಆ ಸ್ಟಾಪ್ ಹೋದ್ರೆ ನನ್ ಕೆಲ್ಸ ಹೋದಂಗೇಯಾ."

ಮೇಷ್ಟ್ರು ಒಂದು ಮನವಿ ಬರೆದರು. ಬೋಗಿ ಬೋಗಿ ಸುತ್ತಿ ಸಹಿ ಹಾಕಿಸಿದೆವು. ಒಂದು ದಿನ ಅರ್ಧ ರಜೆ ಹಾಕಿ ಮೇಷ್ಟ್ರು, ಅಕ್ಕ, ಆ ಯುವಕ, ನಾನು ಮತ್ತು ಇನ್ನಷ್ಟು ಜನ ರೈಲ್ವೆಯ ದೊಡ್ಡ ಆಫೀಸಿಗೆ ಹೋದೆವು. ನನಗೆ ಅಂಥ ಆಫೀಸಿಗೆ ಹೋದರೆ ಚಪ್ಪಲಿ ಎಲ್ಲಿ ಬಿಡಬೇಕು ಅನ್ನುವ ಯೋಚನೆಯೇ ಮೊದಲು ಬರುತ್ತದೆ. ಬಿಡಬೇಕಾಗಿರಲಿಲ್ಲ.

ಅಧಿಕಾರಿ ಕೂರಿಸಿ ಮಾತಾಡಿಸಿದರು. ಗದರುತ್ತಾರೆ ಅಂದುಕೊಂಡಿದ್ದೆವು, ಗದರಲಿಲ್ಲ.

"ನೋಡಿ, ಒಂದು ಗಾಡಿ ನಿಂತು ಹೊರಡೋದು ಅಂದ್ರೆ ಸುಮ್ನೆ ಅಲ್ಲ. ಕರೆಂಟ್ ಖರ್ಚು, ಟೈಮು. ಹಿಂದೆ ಇನ್ನೊಂದು ಗಾಡಿ ಸಿಗ್ನಲ್ಲಿಗೆ ಕಾಯ್ತಿರುತ್ತೆ. ಈ ಲೈನು ಫುಲ್ ಆಗಿದೆ. ಎಲ್ಲಿ ನಿಲ್ಲಿಸ್ತೀವೋ ಅಲ್ಲಿ ಇಷ್ಟು ಜನ ಇದಾರೆ ಅಂತ ನಾವು ಮೇಲಿನವರಿಗೆ ತೋರಿಸ್ಬೇಕು."

"ಜನ ಇದೀವಲ್ಲ ಸಾರ್" ಅಂದರು ಮೇಷ್ಟ್ರು. "ಬೆಳಗ್ಗೆ ಬಂದು ನೋಡಿ. ಅರ್ಧ ಗಾಡಿ ಅಲ್ಲೇ ಖಾಲಿ ಆಗುತ್ತೆ."

"ನಾನು ಕಣ್ಣಲ್ಲಿ ನೋಡಿದ್ದು ಲೆಕ್ಕಕ್ಕೆ ಬರಲ್ಲ ಮೇಷ್ಟ್ರೇ. ಟಿಕೆಟ್ ಲೆಕ್ಕಕ್ಕೆ ಬರುತ್ತೆ. ನಮ್ಮ ಕಂಪ್ಯೂಟರ್ ಪ್ರಕಾರ ಅಲ್ಲಿ ಇಳಿಯೋರೇ ಇಲ್ಲ." ಕೈ ಚಾಚಿ, "ಎಲ್ಲಿ, ನಿಮ್ಮ ಪಾಸ್ ತೋರ್ಸಿ" ಅಂದರು.

ಯಾರ ಹತ್ತಿರ ಪಾಸಿಲ್ಲ ಅಂತ ಹಿಡಿಯುವುದಕ್ಕೆ ಕೇಳುತ್ತಿದ್ದಾರೆ ಅಂದುಕೊಂಡು ನಾವು ಜಂಬದಿಂದ ತೆಗೆದೆವು. ಕೆಲವರದು ಕಾಗದ, ಕೆಲವರದು ಮೊಬೈಲು. ಮೇಷ್ಟ್ರದು ಮದ್ದೂರಿನಿಂದ ಬೆಂಗಳೂರು. ನನ್ನದೂ ಬೆಂಗಳೂರು. ಅಕ್ಕನದು ರಾಮನಗರದಿಂದ ಬೆಂಗಳೂರು. ಬೆಂಗಳೂರು ಅಂದರೆ ಮೆಜೆಸ್ಟಿಕ್. ಮೇಜಿನ ಮೇಲೆ ಇಟ್ಟ ಅಷ್ಟೂ ಪಾಸಿನಲ್ಲಿ ಆ ಸಣ್ಣ ಸ್ಟೇಷನ್ನಿನ ಹೆಸರು ಒಂದರಲ್ಲೂ ಇರಲಿಲ್ಲ.

ಇದು ನಮ್ಮ ಲೈನಿನವರೆಲ್ಲ ಮಾಡುವ ಜಾಣತನ. ಸಣ್ಣ ಸ್ಟೇಷನ್ನಿಗೂ ಮೆಜೆಸ್ಟಿಕ್ಕಿಗೂ ಪಾಸಿನಲ್ಲಿ ಒಂದೆರಡು ಟೀ ದುಡ್ಡಿನಷ್ಟೇ ವ್ಯತ್ಯಾಸ. ಯಾವತ್ತಾದರೂ ಚಿಕ್ಕಪೇಟೆಗೆ ಬಟ್ಟೆಗೋ, ಮಾರ್ಕೆಟ್ಟಿಗೆ ಹೂವಿಗೋ ಹೋಗಬೇಕಾದರೆ ಬೇರೆ ಟಿಕೆಟ್ ಬೇಡ. ಹಾಗಾಗಿ ಹೊಸಬರು ಯಾರೇ ಬರಲಿ, ಬೋಗಿಯವರು ಮೊದಲ ದಿನ ಹೇಳಿಕೊಡುತ್ತಿದ್ದುದೇ ಎರಡು ಪಾಠ. ಒಂದು ಅರ್ಧ ಸೀಟು, ಇನ್ನೊಂದು ಪಾಸು ಮೆಜೆಸ್ಟಿಕ್‌ವರೆಗೆ ಮಾಡಿಸು. ಅಕ್ಕನಿಗೂ ಹಾಗೇ ಹೇಳಿಕೊಟ್ಟಿದ್ದರು. ಅವರು ಒಂದು ಸಲವೂ ಮೆಜೆಸ್ಟಿಕ್ಕಿಗೆ ಹೋದದ್ದು ನಾನು ಕಾಣೆ.

ಅಧಿಕಾರಿ ಪಾಸುಗಳನ್ನು ಒಂದರ ಮೇಲೊಂದು ಜೋಡಿಸಿ ನಮ್ಮ ಕಡೆ ಸರಿಸಿದರು.

"ನಿಮ್ಮನ್ನೆಲ್ಲ ನೀವೇ ಮೆಜೆಸ್ಟಿಕ್ಕಲ್ಲಿ ಇಳಿಸಿದೀರಿ. ಬೋಗಿ ಹಾಕೋದೂ ಹೀಗೇ, ಪ್ಲಾಟ್‌ಫಾರಂ ಉದ್ದ ಮಾಡೋದೂ ಹೀಗೇ. ದುಡ್ಡು ಟಿಕೆಟ್ ಇರೋ ಕಡೆ ಹೋಗುತ್ತೆ. ನಾನೇನ್ ಮಾಡ್ಲಿ ಹೇಳಿ?"

ಅಕ್ಕ ಪಾಸು ತೆಗೆದುಕೊಂಡು ಸೆರಗಿನಿಂದ ಒರೆಸಿ ಪರ್ಸಿಗೆ ಹಾಕಿಕೊಂಡರು. "ನಂಗೇನ್ ಗೊತ್ತಿತ್ತು ಸಾರ್" ಅಂದರು. ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಹೊರಗೆ ಬಂದು ಟೀ ಕುಡಿಯುವಾಗ ಮುಂದಿನ ತಿಂಗಳಿಂದ ಎಲ್ಲರೂ ಪಾಸು ಸಣ್ಣ ಸ್ಟೇಷನ್ನಿಗೇ ಮಾಡಿಸಬೇಕು ಅಂತ ತೀರ್ಮಾನವಾಯಿತು. ಮಾರನೇ ದಿನ ಬೋಗಿಯಲ್ಲಿ ಹೇಳಿದಾಗ ಎಲ್ಲರೂ ಹೂಂ ಅಂದರು. ತಿಂಗಳು ತಿರುಗಿದಾಗ ನೋಡಿದರೆ, ಒಬ್ಬರಿಗೆ ಮಗಳ ಮದುವೆಯ ಜವಳಿ ಇತ್ತು, ಇನ್ನೊಬ್ಬರದು ಮೂರು ತಿಂಗಳ ಪಾಸು ಮುಗಿದಿರಲಿಲ್ಲ, ಮತ್ತೊಬ್ಬರು "ನಾನೊಬ್ಬ ಮಾಡಿಸ್ದೆ ಇದ್ರೆ ಗಾಡಿ ನಿಂತೋಯ್ತದಾ?" ಅಂದರು.

"ಗಾಡಿ ನಿಲ್ಲಲ್ಲ ಅನ್ನೋದೇ ಪ್ರಾಬ್ಲಮ್ಮು ಗುರುವೇ" ಅಂದ ಮೊಬೈಲ್ ಅಂಗಡಿಯವನು. ಅದಕ್ಕೂ ಎಲ್ಲರೂ ನಕ್ಕರು.

ನಾನು ಯಾರನ್ನೂ ಬೈಯುವುದಿಲ್ಲ. ದಿನಾ ಹೀಗೆ ಜೋತುಬಿದ್ದು ಬರುವವರಿಗೆ ಒಂದು ಸಣ್ಣ ಅನುಕೂಲ ಬಿಡುವುದೂ ಕಷ್ಟ. ಮೆಜೆಸ್ಟಿಕ್‌ವರೆಗೂ ಹೋಗಬಹುದು ಅನ್ನುವುದು ಹೋಗದಿದ್ದರೂ ಜೇಬಿನಲ್ಲಿರುವ ಒಂದು ಸಮಾಧಾನ.

ಹೊಸ ವೇಳಾಪಟ್ಟಿ ಬಂತು. ನಮ್ಮ ಗಾಡಿ ಫಾಸ್ಟ್ ಆಯಿತು. ಸಣ್ಣ ಸ್ಟೇಷನ್ನಿನಲ್ಲಿ ಈಗ ನಿಲ್ಲುವುದು ಅದಕ್ಕಿಂತ ಮುಂಚಿನ ಗಾಡಿ ಒಂದೇ. ಅದನ್ನೂ ಸ್ವಲ್ಪ ದಿನ ನೋಡಿ, ಟಿಕೆಟ್ ಇಲ್ಲದಿದ್ದರೆ ತೆಗೆಯುತ್ತೇವೆ ಅಂದಿದ್ದಾರಂತೆ. ಮೇಷ್ಟ್ರು ಕೆಂಗೇರಿಯಲ್ಲಿ ಇಳಿದು ಹಿಂದೆ ಕೂರಿಸಿಕೊಂಡು ಹೋಗುವ ಒಬ್ಬ ಸ್ಕೂಟರಿನವರನ್ನು ಗೊತ್ತುಮಾಡಿಕೊಂಡರು. ಅಕ್ಕ ಕತ್ತಲಲ್ಲೇ ಎದ್ದು ಅಡುಗೆ ಮುಗಿಸಿ ಮುಂಚಿನ ಗಾಡಿ ಹಿಡಿಯಲು ಶುರುಮಾಡಿದರು. ಡ್ಯೂಟಿಗೆ ಇನ್ನೂ ಹೊತ್ತಿರುವಾಗಲೇ ತಲುಪಿ ನರ್ಸಿಂಗ್ ಹೋಮಿನ ಹೊರಗಿನ ಬೆಂಚಿನಲ್ಲಿ ಕೂತಿರುತ್ತಾರೆ. ಒಳಗೆ ಹೋದರೆ ಆಗಲೇ ಕೆಲಸ ಹೇಳುತ್ತಾರಂತೆ.

ನಾನು ಸ್ವಲ್ಪ ದಿನ ಕೆಂಗೇರಿಯಿಂದ ಬಸ್ಸಿನಲ್ಲಿ ಹೋಗಿ ನೋಡಿದೆ. ಬಸ್ಸು ನಿಂತಲ್ಲೇ ನಿಂತಿರುತ್ತಿತ್ತು. ಆಮೇಲೆ ನಾನೂ ಮುಂಚಿನ ಗಾಡಿಗೇ ಬಂದೆ. ಮೊದಲ ದಿನ ರಾಮನಗರ ಬಂದಾಗ ಅಭ್ಯಾಸಬಲದಿಂದ ಎದ್ದೆ. ಅಕ್ಕ ಬಾಗಿಲ ಹತ್ತಿರ ಕಂಬಿ ಹಿಡಿದು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರು. ಈ ಗಾಡಿಯಲ್ಲಿ ಅರ್ಧ ಸೀಟಿನ ಪದ್ಧತಿ ಇಲ್ಲ. ಅವರು ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

"ಅವರಿಗೆ ಬಿಟ್ಟಿದ್ದು ಸಾರ್" ಅಂದೆ.

"ನೀವು ಎದ್ರಿ, ನಾನು ಕೂತೆ. ನಿಮ್ದೇನ್ ರಿಸರ್ವೇಶನ್ನಾ?"

"ಹೋಗ್ಲಿ ಬುಡಣ್ಣ" ಅಂದರು ಅಕ್ಕ. ಇಬ್ಬರೂ ನಿಂತೇ ಹೋದೆವು.

ಈಗ ಅವರು ಪಕ್ಕಕ್ಕೆ ಬರುವ ತನಕ ನಾನು ಏಳುವುದಿಲ್ಲ. ಎದುರಿನ ಸೀಟಿನವರು ಒಂದು ತಿಂಗಳು ನೋಡಿದರು. ಮೊನ್ನೆ ಅವರಲ್ಲಿ ಒಬ್ಬರು ರಾಮನಗರದಲ್ಲಿ ಎದ್ದು ಒಬ್ಬ ಬಸುರಿಗೆ ಜಾಗ ಕೊಟ್ಟರು. ಅದು ಪದ್ಧತಿಯೋ ಅವತ್ತಿನ ದಯೆಯೋ ನನಗೆ ಗೊತ್ತಿಲ್ಲ.

ಹೋದ ವಾರ ಪಾಸು ಹೊಸದು ಮಾಡಿಸಲು ಮದ್ದೂರಿನ ಕೌಂಟರಿಗೆ ಹೋಗಿದ್ದೆ. ಸಣ್ಣ ಸ್ಟೇಷನ್ನಿನ ಹೆಸರು ಹೇಳಿದೆ. ಕೌಂಟರಿನವರು ತಲೆ ಎತ್ತಿ ನೋಡಿದರು.

"ಇನ್ನೊಂಚೂರು ಹಾಕಿದ್ರೆ ಮೆಜೆಸ್ಟಿಕ್‌ವರೆಗೂ ಬರುತ್ತಲ್ಲ ಯಜಮಾನ್ರೇ. ಎಲ್ರೂ ಅದೇ ತಗೊಳ್ಳೋದು."

"ಗೊತ್ತು ಸಾರ್. ನಾನು ಅಲ್ಲಿ ಇಳಿಯಲ್ಲ."

ಅಕ್ಕನದೂ ಈಗ ಅದೇ ಹೆಸರಿನ ಪಾಸು. ಇಬ್ಬರ ಪಾಸಿನಿಂದ ಗಾಡಿ ನಿಲ್ಲುತ್ತದೆ ಅಂತ ನಂಬುವಷ್ಟು ಶಕ್ತಿ ನನಗಿಲ್ಲ. ನಾವು ಅಲ್ಲಿ ಇಳಿಯುತ್ತೇವೆ ಅನ್ನುವುದು ಎಲ್ಲಾದರೂ ಒಂದು ಕಡೆ ದಾಖಲಾಗಿರಲಿ ಅಂತ, ಅಷ್ಟೇ.

ಬಿಡದಿ ದಾಟಿತು. ಅಕ್ಕ ಕೂತಲ್ಲೇ ತೂಕಡಿಸುತ್ತಿದ್ದಾರೆ, ನಾನು ಒಂದು ಕೈಯಲ್ಲಿ ಮೇಲಿನ ಹಿಡಿ ಹಿಡಿದು ಇನ್ನೊಂದು ಕೈಯಲ್ಲಿ ಇದನ್ನು ಒತ್ತುತ್ತಿದ್ದೇನೆ. ಇಳಿಯುವ ಮುಂಚೆ ನಿಮ್ಮನ್ನು ಒಂದು ಮಾತು ಕೇಳಬೇಕು. ತುಮಕೂರಿನ ಕಡೆಯಿಂದಲೋ ಬಂಗಾರಪೇಟೆ ಕಡೆಯಿಂದಲೋ ನೀವೂ ಹೀಗೇ ಓಡಾಡುವವರಾದರೆ, ನಿಮ್ಮ ಪಾಸು ಒಮ್ಮೆ ತೆಗೆದು ನೋಡಿ. ನೀವು ನಿಜವಾಗಿ ಇಳಿಯುವ ಊರಿನ ಹೆಸರು ಅದರಲ್ಲಿ ಇದೆಯಾ? ನಿಮ್ಮ ಗಾಡಿಯ ನಿಲುಗಡೆ ಹೀಗೆ ಹೋಗಿತ್ತಾ, ಹೋದದ್ದು ಮತ್ತೆ ಬಂತಾ? ಬಂದಿದ್ದರೆ ಏನು ಮಾಡಿದಿರಿ ಅಂತ ದಯವಿಟ್ಟು ಬರೆಯಿರಿ. ಅಕ್ಕನಿಗೆ ಓದಿ ಹೇಳುತ್ತೇನೆ.