ಪ್ರೊಖೋರನ ಟೋಪಿಯ ರಿಬ್ಬನ್

ರಷ್ಯದ ಪೊಲ್ಯಾರ್ನಿ ಬಂದರಿನ ಉಗ್ರಾಣದಲ್ಲಿ ಗ್ಲಫೀರಾ ನಾವಿಕರ ಟೋಪಿಗಳಿಗೆ ರಿಬ್ಬನ್ ಹೊಲಿಯುತ್ತಿದ್ದಳು. ಗಂಡ ಪ್ರೊಖೋರ್ ಶತ್ರುಗಳು ಕಡಲಲ್ಲಿ ಹುದುಗಿಸಿದ ಸ್ಫೋಟಕ ಮೈನುಗಳನ್ನು ಹೆಕ್ಕುವ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಸಾವಿರದ ಒಂಬೈನೂರ ನಲವತ್ತಮೂರರ ಮಾರ್ಚಿನ ಕಾದಾಟದಲ್ಲಿ ಸತ್ತ. ಸುದ್ದಿ ಬಂದ ದಿನವೂ ಅವಳು ಹನ್ನೆರಡು ಟೋಪಿ ಮುಗಿಸಿದಳು. ಕಲ್ಲೆದೆಯವಳು ಅಂದರು ಜನ. ಕಲ್ಲಾದರೂ ಬಿಸಿಲಿಗೆ ಕಾಯುತ್ತದೆ. ಇವಳಿಗೆ ಏನೂ ಅನ್ನಿಸುತ್ತಲೇ ಇರಲಿಲ್ಲ.

ಮೇ ತಿಂಗಳಲ್ಲಿ, ಅದೇ ಕಾದಾಟಕ್ಕಾಗಿ ಹಡಗಿಗೆ 'ಗಾರ್ಡ್ಸ್' ಎಂಬ ಬಿರುದು ಬಂತು. ಹಡಗಿನ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಇನ್ನು ಕಪ್ಪು ರಿಬ್ಬನ್ ಬಿಟ್ಟು ಕಿತ್ತಳೆ-ಕಪ್ಪು ಪಟ್ಟೆಯದನ್ನು ಕಟ್ಟಬೇಕು. ನಿನ್ನೆ ಸೇರಿದವನಿಗೂ ಉಂಟು, ಕಾದಾಡಿ ಸತ್ತವನಿಗಿಲ್ಲ. ಎಂಥ ನ್ಯಾಯವೋ!

ಎಷ್ಟೋ ದಿನಗಳ ಮೇಲೆ ಗ್ಲಫೀರಾಗೆ ಏನೋ ಒಂದು ಬೇಕೆನಿಸಿತು. ಪ್ರೊಖೋರನ ಸಾಮಾನಿನ ಜೊತೆ ಮನೆಗೆ ಬಂದಿದ್ದ ಅವನ ಟೋಪಿಗೆ ಆ ಹೊಸ ರಿಬ್ಬನ್.

"ಸವೇಲಿಚ್, ಪ್ರೊಖೋರನ ಟೋಪಿಗೂ ಒಂದು ತುಂಡು ಕೊಡಿ," ಎಂದು ಉಗ್ರಾಣದ ಮೇಲ್ವಿಚಾರಕನನ್ನು ಕೇಳಿದಳು.

"ಪಟ್ಟೀಲಿ ಅವನ ಹೆಸರೇ ಇಲ್ವಲ್ಲಮ್ಮಾ! ಅಳತೆ ಮಾಡಿ ಕಳ್ಸಿದಾರೆ. ಒಂದು ಗೇಣು ಕಮ್ಮಿಯಾದ್ರೂ ನನ್ನ ತಲೆ ಹೋಗುತ್ತೆ."

"ಹೋದ್ರೆ ಹೋಗ್ಲಿ ಬಿಡಿ, ಅದ್ರಲ್ಲಿ ಏನಿದೆ ಮಹಾ?"

ಹೊಸ ರಿಬ್ಬನ್ ಹೊಲಿಸಲು ಟೋಪಿ ಹಿಡಿದು ನಿಂತಿದ್ದ ಜಖಾರ್ ಇದನ್ನು ಕೇಳಿಸಿಕೊಂಡ. ಪ್ರೊಖೋರನ ಜಾಗಕ್ಕೆ ಬಂದವನು ಅವನೇ.

"ನನ್ನದನ್ನ ತಗೊಳ್ಳಿ ಅಕ್ಕ," ಎಂದ ಮೆಲ್ಲಗೆ. "ಆ ದಿನ ನಾನು ಹಡಗಲ್ಲೇ ಇರ್ಲಿಲ್ಲ. ಇದನ್ನ ಕಟ್ಕೊಂಡು ಹೇಗೆ ತಲೆ ಎತ್ಲಿ?"

"ಕೇಳಿದ್ರೆ?"

"ಕಳೆದೋಯ್ತು ಅಂತೀನಿ. ಬೈತಾರೆ, ಅಷ್ಟೇ ತಾನೆ?"

ಮನೆಗೆ ಬಂದವಳೇ ಹಳೆಯ ರಿಬ್ಬನ್ ಬಿಚ್ಚಲು ಬ್ಲೇಡು ತೆಗೆದುಕೊಂಡಳು. ಟೋಪಿಯ ಹಿಂದೆ ರಿಬ್ಬನ್ನಿನ ಎರಡು ಬಾಲ ಇಳಿಬಿದ್ದಿರುತ್ತವೆ. ಗಾಳಿ ಎದ್ದಾಗ ಟೋಪಿ ಕಡಲು ಸೇರದಂತೆ ನಾವಿಕರು ಅವುಗಳ ತುದಿ ಕಚ್ಚಿ ನಿಲ್ಲುತ್ತಾರೆ. ಪ್ರೊಖೋರನ ರಿಬ್ಬನ್ನಿನ ತುದಿಗಳು ಜಗಿದು ನಾರಾಗಿದ್ದವು. ಹಲ್ಲಿನ ಗುರುತು ಹಾಗೇ ಇತ್ತು, ಅವನ ಮುರಿದ ಮುಂಬಲ್ಲಿನ ಜಾಗ ಬಿಟ್ಟು. ಅವಳು ಬ್ಲೇಡು ಕೆಳಗಿಟ್ಟಳು. ಅಳು ಬರಲಿಲ್ಲ.

ಮರುದಿನ ಹೊಸ ರಿಬ್ಬನ್ನನ್ನು ಜಖಾರನ ಟೋಪಿಗೇ ಹೊಲಿಯಲು ಕೂತಳು.

"ಯಾಕಕ್ಕಾ, ಬೇಡ್ವಾ?"

"ಅವನ ಟೋಪೀಲಿ ಜಾಗ ಇಲ್ಲ ಕಣಪ್ಪ."

ಹೇಳುವಾಗ ಅವಳ ದನಿ ನಡುಗಲಿಲ್ಲ. ಆದರೆ ಆ ಒಂದು ಟೋಪಿಯ ಹೊಲಿಗೆಯನ್ನು ಮೂರು ಸಲ ಬಿಚ್ಚಬೇಕಾಯಿತು.