ಕುರಿ ಎಣಿಸುವ ಕೈ

ನಾನು ರಾಯಚೂರಿಗೆ ಬಂದ ಮೊದಲ ಭಾನುವಾರ, ಮಗನ ಮನೆಯಲ್ಲಿ ಮೀಸೆ ಬೆಳ್ಳಗಾದ ಗಂಡಸೊಬ್ಬ ಕಣ್ಣು ಮುಚ್ಚಿ, ತಿರುಗುವ ಫ್ಯಾನಿನ ಕಡೆ ಮುಖ ಎತ್ತಿ, “ಅಪ್ಪಾ, ಅಪ್ಪಾ” ಎಂದು ಕರೆಯುತ್ತಿದ್ದ. ಇಷ್ಟು ವಯಸ್ಸಾದವನ ಅಪ್ಪ ಇನ್ನೂ ಇದ್ದಾನೆಯೇ, ಇದ್ದರೂ ಮೇಲೆ ಹತ್ತಿ ಏನು ಮಾಡುತ್ತಿದ್ದಾನೆ ಎಂದು ನಾನೂ ಕತ್ತೆತ್ತಿ ನೋಡಿದೆ. ಆ ಗಂಡಸು ನನ್ನ ಬೀಗ, ಸೊಸೆ ಕರುಣಾಳ ತಂದೆ ಪ್ರಭುದಾಸ. ಅವನು ಕರೆಯುತ್ತಿದ್ದದ್ದು ದೇವರನ್ನು.

ನಮ್ಮೂರು ಮಸರಕಲ್ಲಿನ ನನ್ನ ಗೆಳತಿಯರೇ, ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ನನ್ನ ಮಗ ಕರುಣಾಳನ್ನು ಮದುವೆಯಾಗಿ ಅವಳ ದೇವರನ್ನೂ ಒಪ್ಪಿಕೊಂಡ. ಅವನಿಗೆ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸ, ಅವಳಿಗೆ ಆಸ್ಪತ್ರೆ ಕೆಲಸ. ಆರು ವರ್ಷದ ಮೊಮ್ಮಗಳು ರೂತ್‌ಳನ್ನು ನೋಡಿಕೊಳ್ಳಲೆಂದು ನನ್ನನ್ನು ಕರೆತಂದರು.

ಮಸರಕಲ್ಲಿನಲ್ಲಿ ನಾನು ಅಂಗಳದಲ್ಲಿ ಕೂತರೆ ಊರೇ ಕಾಣುತ್ತಿತ್ತು. ಇಲ್ಲಿ ಬಾಗಿಲು ತೆರೆದರೆ ಎದುರು ಮನೆಯ ಗೋಡೆ. ಅಲ್ಲಿ ರೊಟ್ಟಿ ಬಡಿದರೆ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಕೆಳಗಿನ ಮನೆಯವರು ಬಂದು ಸದ್ದೇನು ಎಂದರು. ಕಾಯಿಪಲ್ಲೆಯವಳದು ತೆಲುಗು, ಹಾಲಿನವನದು ಉರ್ದು. “ತಗ್ಗಿಂಚು” ಎಂದರೆ ದರ ಇಳಿಸು ಎಂದು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಅದನ್ನು ಹೇಳಿ ಬದನೆಕಾಯಿ ತಂದ ದಿನ ಗೆದ್ದವಳ ಹಾಗೆ ಮೆಟ್ಟಿಲು ಹತ್ತಿದೆ. ನಮ್ಮಲ್ಲಿ ಸಭೆ ಎಂದರೆ ಜಗಳ ಬಗೆಹರಿಸುವ ಜನ. ಇಲ್ಲಿ ಸಭೆ ಎಂದರೆ ಪ್ರಾರ್ಥನೆಗೆ ಸೇರುವ ಜನ. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡಲಾರದೆ ನಾನೂ ಹೋಗತೊಡಗಿದೆ.

ಎಲ್ಲಕ್ಕೂ ಹೊಂದಿಕೊಂಡೆ. ಹೊಂದಿಕೊಳ್ಳಲಾಗದ್ದು ಪ್ರಭುದಾಸನಿಗೆ. ಪ್ರತಿ ಶನಿವಾರ ಮಾನ್ವಿಯಿಂದ ಬಸ್ಸು ಹತ್ತಿ ಬರುತ್ತಾನೆ. ಚೀಲದಲ್ಲಿ ಮೋಸಂಬಿ. ನೆಲಕ್ಕೆ ಕೂತು ಸಿಪ್ಪೆ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ಮಗಳ ಅಂಗೈಗೆ ಇಡುತ್ತಾನೆ. ಮಗಳಿಗೆ ಮೂವತ್ತನಾಲ್ಕು ವರ್ಷ. ಆ ಬೀಜಗಳು ತಟ್ಟೆಗೆ ಬೀಳುವ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

“ಬೀಗರೇ, ಆಕಿ ಕೈಗೇನಾಗ್ಯದ್ರೀ?” ಎಂದೆ ಒಮ್ಮೆ.

“ಏನೂ ಆಗಿಲ್ರೀ ಅಕ್ಕಾರ. ನನ್ನ ಕೈನೇ ಸುಮ್ನಿರಂಗಿಲ್ಲ. ತಗೋರಿ, ನಿಮಗೂ ಒಂದು ತೊಳಿ.”

“ನನಗ ಹಲ್ಲದಾವು, ನಾನೇ ಸುಲಕೊಂತೀನಿ.”

ಸುಳ್ಳು. ಹಲ್ಲು ಉಳಿದಿರುವುದು ಆರೋ ಏಳೋ.

ಸಂಜೆ ಪ್ರಾರ್ಥನೆಯಲ್ಲಿ ಎಲ್ಲರೂ “ನಮ್ಮ ತಂದೆಯೇ” ಎನ್ನುವಾಗ ನನ್ನ ಬಾಯಿ ಕಟ್ಟುತ್ತಿತ್ತು. “ಯಮ್ಮಾ, ನೀನೂ ಅಪ್ಪಾ ಅನ್ನು, ಆತ ಕೇಳಿಸ್ಕೊಂತಾನ,” ಎನ್ನುತ್ತಿತ್ತು ರೂತ್. “ಹೆತ್ತಾತನೇ ಕೇಳಿಸ್ಕೊಂಡಿದ್ದಿಲ್ಲ, ಸುಮ್ನ ಕುಂದ್ರು,” ಎನ್ನುತ್ತಿದ್ದೆ. ಆದರೆ ಹಾಗೆ ಕರೆಯುವುದು ನನಗೂ ಬೇಕಿತ್ತು. ಅವರೆಲ್ಲ ಉಣ್ಣುವ ತಟ್ಟೆಯನ್ನು ಹೊಸ್ತಿಲಲ್ಲಿ ನಿಂತು ನೋಡುವವಳ ಹಾಗೆ ನೋಡುತ್ತಿದ್ದೆ.

ಒಂದು ದಿನ ನಮ್ಮ ಮನೆಯಲ್ಲೇ ಪ್ರಾರ್ಥನೆ ಇತ್ತು. ಸಭಾಪಾಲಕರು, ಅಂದರೆ ಸಭೆ ನಡೆಸುವವರು, ಮಗನಿಗಿಂತ ಚಿಕ್ಕವರು. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡದ್ದು, ಕುರುಬ ಅದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತಂದದ್ದು, ದೇವರೆಂಬ ತಂದೆಯ ಪ್ರೀತಿಯೂ ಹಾಗೆಯೇ ಎಂದು ಹೇಳಿದರು. ನನಗೆ ತಡೆಯಲಾಗಲಿಲ್ಲ.

“ಒಂದು ಕಡಿಮಿ ಆಗ್ಯದಂತ ಆತಗ ಹ್ಯಾಂಗ ಗೊತ್ತಾತು?”

“ದೇವರಿಗೆ ಎಲ್ಲಾ ಗೊತ್ತಿರತದ ಯವ್ವಾ.”

“ನೀ ಕುರಿ ಮುಟ್ಟಿದಾತ ಅಲ್ಲ ಬಿಡು. ಎಣಿಸಿದ್ರ ಗೊತ್ತಾಗತದ. ಸಂಜಿಕ ಹಟ್ಟಿ ಬಾಗಲದಾಗ ಕುಂತು, ಒಂದೊಂದರ ಬೆನ್ನ ಮ್ಯಾಲ ಕೈಯಿಟ್ಟು ಒಳಗ ಬಿಡತಾರ. ಕಣ್ಣಿಲೆ ಎಣಿಸಂಗಿಲ್ಲ, ಕೈಲೆ ಎಣಿಸ್ತಾರ.”

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನಮ್ಮಪ್ಪ ಹಾಗೆ ಎಣಿಸುತ್ತಿದ್ದ. ಕತ್ತಲಾಗುವ ಮೊದಲು ಇನ್ನೂರು ಬೆನ್ನುಗಳ ಮೇಲೆ ಅವನ ಕೈ ಬೀಳುತ್ತಿತ್ತು. ಕುಂಟುವ ಮರಿ ಬಂದರೆ ಆ ಕೈ ಒಂದು ಗಳಿಗೆ ಅಲ್ಲೇ ನಿಲ್ಲುತ್ತಿತ್ತು. ನನ್ನ ಮೇಲೆ ಅದು ಎಂದೂ ಬಿದ್ದಿರಲಿಲ್ಲ. ಏಳು ವರ್ಷದವಳಿದ್ದಾಗ ಒಂದು ಸಂಜೆ ನಾನು ಕುರಿಗಳ ನಡುವೆ ಸೇರಿ, ಕೈಯೂರಿ ಬಗ್ಗಿ, ಅವುಗಳ ಜೊತೆ ಬಾಗಿಲು ದಾಟಿದೆ. ಅವನ ಅಂಗೈ ನನ್ನ ಬೆನ್ನ ಮೇಲೆ ಬಿತ್ತು. ಬಿಸಿಯಾಗಿತ್ತು. ಮರುಗಳಿಗೆಗೆ ಅದೇ ಕೈಯಿಂದ ಗುದ್ದು. “ಲೆಕ್ಕಾ ತಪ್ಪಸ್ತೀ ಏನಲೇ!” ಎಂದು ಎಲ್ಲ ಕುರಿಗಳನ್ನೂ ಹೊರಗೆ ಬಿಟ್ಟು ಮೊದಲಿನಿಂದ ಎಣಿಸಿದ. ಅವನು ಸಾಯುವ ತನಕ, ಅವನ ಹಟ್ಟಿಯ ಕುರಿಗಳ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಸವತಿ ಇದ್ದಿದ್ದರೆ ಅವಳ ಮೇಲೂ ಇರುತ್ತಿರಲಿಲ್ಲ.

ಹೇಳಿ ಮುಗಿಸಿದಾಗ ಸಭಾಪಾಲಕರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಮಾತಾಡಿದವನು ಪ್ರಭುದಾಸ.

“ಆತ ಹಾಂಗ ಮಾಡಬಾರದಿತ್ತು ಅಕ್ಕಾರ. ನಾನೂ ಅಂಥಾ ಅಪ್ಪನೇ ಇದ್ದೆ. ಕುಡುದು ಬಂದ್ರ ಈ ಕರುಣಾ ಹೊರಸಿನ ಬುಡಕ ಹೊಕ್ಕೊಂತಿದ್ಲು. ಕಾಲು ಹಿಡುದು ಎಳೀತಿದ್ದೆ,” ಎಂದ.

ನಾನು ಸೊಸೆಯ ಕಡೆ ನೋಡಿದೆ.

“ಹೌದು ಅತ್ತಿ,” ಎಂದಳು. “ನಾನೂ ಅಪ್ಪಾ ಅಂತಿದ್ದಿಲ್ಲ. ಮೊದಲು ಮ್ಯಾಲಿನಾತಗ ಅನ್ನಾಕ ಕಲ್ತೆ. ಈತಗ ಅಂದಿದ್ದು ಆಮ್ಯಾಲ, ಕುಡಿಯೋದು ಬಿಟ್ಟ ಎಷ್ಟೋ ವರ್ಷಕ್ಕ.”

ಮೋಸಂಬಿಯ ಬೀಜ ತೆಗೆಯುವ ಕೈ ಯಾಕೆ ಸುಮ್ಮನಿರುವುದಿಲ್ಲ ಎಂದು ಆಗ ತಿಳಿಯಿತು. ಹೊಟ್ಟೆಕಿಚ್ಚು ಆರಿತು ಎಂದುಕೊಳ್ಳಬೇಡಿ, ಹೆಚ್ಚಾಯಿತು. ಅವಳ ಅಪ್ಪ ಬದುಕಿರುವಾಗಲೇ ಬದಲಾದ. ನಮ್ಮಪ್ಪನಿಗೆ ಆ ಬುದ್ಧಿ ಬರುವ ಮೊದಲೇ ಮಣ್ಣು ಕೊಟ್ಟೆವು. ಆದರೆ ಒಂದು ಮಾತು ಮನಸ್ಸಿನಲ್ಲಿ ನಿಂತಿತು. ಅಪ್ಪಾ ಎಂಬ ಆ ಪದ ಸೊಸೆಗೂ ಹುಟ್ಟಿನಿಂದ ಬಂದದ್ದಲ್ಲ, ನಾನು ತೆಲುಗು ಕಲಿತ ಹಾಗೆ ಅವಳೂ ತಡವರಿಸಿ ಕಲಿತದ್ದು.

ಹೋದ ತಿಂಗಳು ನಾನು ಊರಿಗೆ ಬಂದದ್ದು ನಿಮಗೆ ಗೊತ್ತು. “ಆಕಿ ನಮ್ಮಾಕಿ ಉಳಿದಿಲ್ಲ ಬಿಡು, ಏಸಪ್ಪನ ಕಡೆ ಹ್ವಾದ್ಲು,” ಎಂದು ನಿಮ್ಮಲ್ಲೇ ಒಬ್ಬಳು ಆಡಿದ್ದು ನನ್ನ ಕಿವಿಗೂ ಬಿತ್ತು. ಆ ಸಂಜೆ ತಮ್ಮನ ಹಟ್ಟಿಯ ಬಾಗಿಲಲ್ಲಿ ನಿಂತು ಅವನು ಕುರಿ ಎಣಿಸುವುದನ್ನು ನೋಡಿದೆ. ಅಪ್ಪನದೇ ಕೈ. ಈ ವಯಸ್ಸಿನಲ್ಲೂ ನನ್ನ ಬೆನ್ನು ಜುಮ್ಮೆಂದಿತು.

ಮರು ಭಾನುವಾರ ರಾಯಚೂರಿನ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಂತರು. ಸಭಾಪಾಲಕರು ಒಂದೊಂದರ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಾರೆ. ರೂತ್ ಮುಂದೆ, ಹಿಂದೆ ನಾನು. ನನ್ನ ಸರದಿ ಬಂದಾಗ ಮೊಣಕಾಲು ನೋಯುತ್ತಿದ್ದರೂ ಬಗ್ಗಿದೆ.

“ಯವ್ವಾ, ಇದು ಹುಡುಗರ ಸಾಲು,” ಎಂದರು ಮೆಲ್ಲಗೆ.

“ಗೊತ್ತದ. ಕೈ ಇಡು.”

ಯಾರೋ ಕಿಸಕ್ಕೆಂದರು. ತಲೆಯ ಮೇಲೆ ಬಂದ ಆ ಕೈ ಸಾಬೂನಿನ ವಾಸನೆಯದು, ಕುರಿ ಉಣ್ಣೆಯದಲ್ಲ. ನಾನು ಕಣ್ಣು ಮುಚ್ಚಿ ಗುದ್ದಿಗೆ ಕಾದೆ. ಗುದ್ದು ಬರಲಿಲ್ಲ. ಕೈ ಅಲ್ಲೇ ನಿಂತಿತ್ತು, ಕುಂಟುವ ಮರಿಯ ಮೇಲೆ ನಿಲ್ಲುತ್ತಿದ್ದ ಹಾಗೆ. “ಯಪ್ಪಾ,” ಎಂದೆ. ಸಭಾಪಾಲಕರಿಗಲ್ಲ.

ಊರಿನ ಲೆಕ್ಕದಲ್ಲಿ ನಾನೀಗ ಒಂದು ಕಡಿಮೆ. ಇಲ್ಲಿನ ಲೆಕ್ಕದಲ್ಲಿ ಒಂದು ಹೆಚ್ಚು. ಆದರೂ ಸಂಜೆಯಾದರೆ ಕಿವಿ ಇನ್ನೂ ಮಸರಕಲ್ಲಿನ ಹಟ್ಟಿಯ ಕಡೆಗೇ ಇರುತ್ತದೆ, ಎಲ್ಲ ಎಣಿಸಿ ಮುಗಿದ ಮೇಲೆ ಅಲ್ಲಿ ಯಾರಾದರೂ ನನ್ನ ಹೆಸರು ಹಿಡಿದು ಕರೆದಾರೇನೋ ಎಂದು.